ಮರಿ ತಪ್ಪದ ಬಲೆ

ವಿಷ್ಣುತೀರ್ಥ ಜನ್ಮದಲ್ಲಿ ಮೀನು ಬಾಯಿಗಿಟ್ಟವನಲ್ಲ. ಆದರೂ ಕಡಲಲ್ಲಿ ಮೀನುಮರಿ ಎಷ್ಟಿವೆಯೆಂದು ಅಳೆಯುವ ಬಲೆಗಳನ್ನು ಸರ್ಕಾರಕ್ಕೆ ರೂಪಿಸಿಕೊಡುವುದೇ ಹನ್ನೊಂದು ವರ್ಷಗಳಿಂದ ಅವನ ಹೊಟ್ಟೆಪಾಡು. ಬೋಟಿನವರ ಬಲೆಯ ದೊಡ್ಡ ಕಣ್ಣುಗಳಿಂದ ಮರಿಗಳು ನುಸುಳಿ ಬದುಕಿಕೊಳ್ಳುತ್ತವೆ. ಅವನಿಗೆ ಒಂದೂ ತಪ್ಪಿಸಿಕೊಳ್ಳದ ಬಲೆ ಬೇಕಿತ್ತು. ಚೆನ್ನೈನ ಕಾಸಿಮೇಡಿನಲ್ಲಿ ಬಲೆ ಹೊಲಿಯುವ ಅಂತೋಣಿಯ ಜೊತೆ ಕೂತು, ಬಲೆಯ ಚೀಲಕ್ಕೆ ಸೊಳ್ಳೆಪರದೆಯಂಥ ಒಳಪದರ ಕೊಡಿಸಿದ. ಮೂರು ಸಲ ಬಲೆ ಕಡಲಲ್ಲಿ ಹರಿದುಹೋಯಿತು. ನಾಲ್ಕನೆಯ ಸಲ ಗೆದ್ದ. ಆ ಹಿಗ್ಗಿನಲ್ಲಿ ಅಳತೆಯ ನಕ್ಷೆಯನ್ನು ಅಂತೋಣಿಯ ಬಳಿಯೇ ಬಿಟ್ಟುಬಂದ.

ಎರಡು ತಿಂಗಳ ಮೇಲೆ ಹೋದರೆ ಬೋಟುಗಳು ನಿಲ್ಲುವ ಧಕ್ಕೆಯ ತುಂಬ ಬೆರಳುದ್ದದ ಮರಿಗಳ ರಾಶಿ. ಕೆಲವಿನ್ನೂ ಮಿಡುಕುತ್ತಿದ್ದವು. ಆಳುಗಳು ಅವನ್ನು ಸಲಿಕೆಯಲ್ಲಿ ಬಾಚಿ ಕೋಳಿಮೇವಿನ ಲಾರಿಗೆ ತುಂಬುತ್ತಿದ್ದರು.

ಅಂತೋಣಿ ಓಡಿಬಂದು ಕೈ ಹಿಡಿದುಕೊಂಡ. "ವಾಂಗ ಸಾರ್, ಬನ್ನಿ! ಒಂದು ಬೋಟೂ ಬಿಡದೆ ಹೊಲಿದುಕೊಟ್ಟೆ. ಈಗ ಒಂದು ಮರಿಯೂ ತಪ್ಪಲ್ಲ."

ವಿಷ್ಣುತೀರ್ಥ ಕೈ ಬಿಡಿಸಿಕೊಂಡ. "ಅಯ್ಯೋ, ಅದು ಮರಿ ಎಣಿಸೋಕೆ ಮಾಡಿದ ಬಲೆಯಪ್ಪಾ!"

"ನೀವು ಮಾಡಿದ್ದು ಮರೀತೀವಾ ಸಾರ್?" ಅಂತೋಣಿ ಅಭಿಮಾನದಿಂದ ನಕ್ಕ. "ಕಡಲಿಗಿಳಿಯೋರೆಲ್ಲ ಇದನ್ನ ವಿಷ್ಣು ಬಲೆ ಅಂತಲೇ ಕರೀತಾರೆ."