ಬಿ ಅಕ್ಷರದ ಕಾರ್ಡು

ಜರ್ಮನಿಯ ಡ್ರೆಸ್ಡೆನ್‌ಗೆ ಬಂದು ಇಪ್ಪತ್ತು ವರ್ಷವಾಯಿತು. ಈಗಲೂ ನನ್ನ ಗಾಲಿಕುರ್ಚಿಯ ಹಿಡಿಕೆಗೆ ಯಾರಾದರೂ ಕೈ ಹಾಕಿದರೆ ಮೈ ಉರಿಯುತ್ತದೆ. ಮೈಸೂರಿನಲ್ಲಿ ಊರುಗೋಲು ಹಿಡಿದು ಓಡಾಡುತ್ತಿದ್ದ ಕಾಲದಲ್ಲಿ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರೆಲ್ಲ ಮುಂದಿನ ಸ್ಟಾಪು ಬರುವುದರೊಳಗೆ "ಹುಟ್ಟಿದಾಗ್ಲಿಂದ್ಲೇನಮ್ಮ?" ಎಂದು ಕೇಳಿಯೇ ಕೇಳುತ್ತಿದ್ದರು. ಪೋಲಿಯೊ ಎಂದರೆ ಲೊಚಗುಟ್ಟುತ್ತಿದ್ದರು. ಆ ಲೊಚಗುಟ್ಟುವಿಕೆಗಾಗಿಯೇ ಸೀಟು ಬಿಟ್ಟರೇನೋ ಎಂದು ನನಗೆ ಅನುಮಾನ. ಯಾರೇ ಒಳ್ಳೆಯ ಮಾತಾಡಲಿ, ಅದರ ಹಿಂದೇನಿದೆ ಎಂದು ಇಣುಕಿ ನೋಡುವ ಚಾಳಿ ಆಗಲೇ ಅಂಟಿಕೊಂಡಿತು.

ಹಾಗಾಗಿ ಎದುರು ಮನೆಯ ನಿವೃತ್ತ ಟೀಚರಮ್ಮ, ಪರಿಚಯವಾಗಿ ತಿಂಗಳು ಕಳೆಯುವ ಮುಂಚೆಯೇ "ಭಾನುವಾರ ಹೊರಗೆ ಹೋಗೋಣವಾ?" ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಅವರ ತಂದೆ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಡ್ಯಾನ್ಸ್ ಹಾಲ್‌ಗಳಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರಂತೆ. ಮಗಳಿಗೆ ಆ ಜಾಝ್ ಕಾಲದ ಹಾಡುಗಾರರು, ಚಿತ್ರಕಾರರು ಎಂದರೆ ಪ್ರಾಣ. ಮನೆಯ ಒಂದು ಗೋಡೆ ತುಂಬ ಹಳೆಯ ಗ್ರಾಮಫೋನ್ ತಟ್ಟೆಗಳು.

ಇಲ್ಲಿ ನಮ್ಮಂಥವರಿಗೆ ಸರ್ಕಾರ ಒಂದು ಕಾರ್ಡು ಕೊಡುತ್ತದೆ. ಶ್ವೆರ್‌ಬೆಹಿಂಡರ್ಟನ್‌ಆಸ್‌ವೈಸ್ ಎಂದು ಅದರ ಹೆಸರು. ಕಾರ್ಡಿಗಿಂತ ಹೆಸರನ್ನು ಹೊರುವುದೇ ಕಷ್ಟ. ಅದರ ಮೇಲೆ ಬಿ ಎಂಬ ಅಕ್ಷರವಿದ್ದರೆ ನಮ್ಮ ಜೊತೆಗೊಬ್ಬರು ರೈಲಿನಲ್ಲಿ, ಎಷ್ಟೋ ಮ್ಯೂಸಿಯಂಗಳಲ್ಲಿ ಟಿಕೆಟ್ಟಿಲ್ಲದೆ ಬರಬಹುದು. ನನ್ನ ಕಾರ್ಡಿನ ಮೇಲೆ ಬಿ ಇದೆ. ಭಾನುವಾರಗಳಲ್ಲಿ ಟೀಚರಮ್ಮ ಅದನ್ನು ತೋರಿಸಿಯೇ ನನ್ನ ಜೊತೆ ಮ್ಯೂಸಿಯಂಗಳಿಗೆ ಬರತೊಡಗಿದರು.

ಜರ್ಮನಿಯ ಇನ್ನೊಂದು ಮೂಲೆಯ ಬೊಬ್ಲಿಂಗೆನ್‌ನಲ್ಲಿರುವ ನನ್ನ ತಂಗಿ ಫೋನಿನಲ್ಲಿ ಇದನ್ನೆಲ್ಲ ಕೇಳಿ ನಕ್ಕಳು.

"ಅಕ್ಕ, ಆವಮ್ಮಂಗೆ ಬೇಕಾಗಿರೋದು ನೀನಲ್ಲ ಕಣೆ, ನಿನ್ ಆಸ್‌ವೈಸು. ಫ್ರೀ ಎಂಟ್ರಿ. ಒಂದ್ಸಲ ಕಾರ್ಡ್ ಮರ್ತ್‌ಬಂದೆ ಅಂತ ಹೇಳ್ ನೋಡು, ರಿಯಾಕ್ಷನ್ ಗೊತ್ತಾಗುತ್ತೆ."

ನನ್ನ ತಲೆಯಲ್ಲಿದ್ದ ಹುಳಕ್ಕೆ ಅವಳು ಮೇವು ಹಾಕಿದಳು. ಅಂದಿನಿಂದ ಟೀಚರಮ್ಮನ ಪ್ರತಿಯೊಂದು ನಡೆಯನ್ನೂ ಕಾಯತೊಡಗಿದೆ. "ಹಿಡ್ಕೊಳ್ಳಲಾ?" ಎಂದು ಕೇಳಿ ಹಿಡಿಕೆ ಹಿಡಿಯುತ್ತಿದ್ದರೇ ಹೊರತು ಒಂದು ದಿನವೂ ತಳ್ಳಿದವರಲ್ಲ. ಏರು ಬಂದರೆ ದುಡಿಯಬೇಕಾದದ್ದು ನನ್ನ ತೋಳುಗಳೇ. ನೋಡುವವರಿಗೆ ಮಾತ್ರ ಅವರು ದೊಡ್ಡ ಉಪಕಾರಿ. ಬರುತ್ತಿರುವ ಟ್ರಾಮಿನ ನಂಬರು, ಮ್ಯೂಸಿಯಂನಲ್ಲಿ ಚಿತ್ರದೊಳಗೆ ಏನಿದೆ ಎಂಬುದನ್ನೆಲ್ಲ ನನ್ನಿಂದ ಹೇಳಿಸುತ್ತಿದ್ದರು. ಮನೆಗೆ ಹೋದರೆ ತಟ್ಟೆಗಳ ಲೇಬಲ್ಲನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನನ್ನ ಜರ್ಮನ್ನಿಗೆ ಪರೀಕ್ಷೆ, ಹಳೆಯ ಟೀಚರ್ ಬುದ್ಧಿ ಎಂದುಕೊಂಡು ಹಲ್ಲು ಕಚ್ಚಿ ಓದುತ್ತಿದ್ದೆ.

ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಈ ಊರಿನಲ್ಲಿ ಭಾನುವಾರ ನನ್ನ ಬಾಗಿಲು ತಟ್ಟುವವರು ಅವರೊಬ್ಬರೇ. ಅವರು ಬರುವುದು ನನಗಾಗಿಯೋ ಕಾರ್ಡಿಗಾಗಿಯೋ ಎಂದು ತಿಳಿಯದೆ ಇರಲಾರೆ, ತಿಳಿದುಕೊಳ್ಳಲು ಹೋದರೆ ಭಾನುವಾರವೇ ಕೈತಪ್ಪಬಹುದು.

ಕಳೆದ ವಸಂತದಲ್ಲಿ ಜಾಝ್ ಕಾಲದ ಚಿತ್ರಕಾರರ ಒಂದು ಪ್ರದರ್ಶನಕ್ಕೆ ಹೋದೆವು. ಕೌಂಟರಿನ ಮುಂದೆ ನಿಂತಾಗ ಹೇಳಿಯೇಬಿಟ್ಟೆ.

"ಅಯ್ಯೋ, ಕಾರ್ಡು ಮನೇಲೇ ಬಿಟ್ಟುಬಂದೆ."

ಕಾರ್ಡು ಸೀಟಿನ ಕೆಳಗಿನ ಚೀಲದಲ್ಲೇ ಇತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಬದಲಾಗಲಿಲ್ಲ.

"ಪರವಾಗಿಲ್ಲ, ಇವತ್ತು ನಂದು ತೋರ್ಸೋಣ," ಎಂದು ಕೈಚೀಲದ ಒಳಜೇಬನ್ನು ಬೆರಳುಗಳಿಂದ ತಡಕಿ ಒಂದು ಕಾರ್ಡು ತೆಗೆದರು. ಅದೇ ಬಣ್ಣ, ಅದೇ ಉದ್ದದ ಹೆಸರು, ಅದೇ ಬಿ. "ಇವರು ನನ್ನ ಜೊತೆಗೆ ಬಂದಿರೋರು," ಎಂದು ಕೌಂಟರಿನ ಹುಡುಗಿಗೆ ಹೇಳಿದರು.

ಅದನ್ನು ಕೊಟ್ಟ ತಾರೀಕು ಓದಿದೆ. ನಮ್ಮ ಪರಿಚಯಕ್ಕಿಂತ ಎರಡು ವರ್ಷ ಹಳೆಯದು.

"ಕಣ್ಣಿನ ನಡುಭಾಗ ಹೋಗಿದೆ," ಎಂದರು ಅವರು, ಬೇರೆ ಯಾರದೋ ವಿಷಯ ಹೇಳುವ ಹಾಗೆ. "ಅಂಚು ಮಾತ್ರ ಕಾಣ್ಸುತ್ತೆ. ನಿಮ್ಮ ಕುರ್ಚಿ ಹಿಡ್ಕೊಂಡಿದ್ರೆ ಎದುರಿಗೆ ಮೆಟ್ಟಿಲು ಬರಲ್ಲ ಅನ್ನೋ ಧೈರ್ಯ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ ತಕ್ಷಣ ಜನ ನನ್ನ ಬಿಟ್ಟು ಪಕ್ಕದೋರ ಹತ್ರ ಮಾತಾಡ್ತಾರೆ. ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಅಷ್ಟರಲ್ಲಿ ಕೌಂಟರಿನ ಹುಡುಗಿ ನನ್ನ ಕಡೆ ಬಗ್ಗಿ, ಅವರ ಕೋಟು ಇಡಲು ಲಾಕರ್ ಬೇಕೇ ಎಂದು ಕೇಳಿದಳು. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರನ್ನು ಬಿಟ್ಟು ಯಾರೋ ನನ್ನನ್ನು ಕೇಳುತ್ತಿದ್ದರು. ಒಂದು ಕ್ಷಣ ನನಗೆ ಹಿತವಾಯಿತು. ಆ ಹಿತಕ್ಕೇ ನಾಚಿಕೆಯಾಯಿತು.

"ಅವರನ್ನೇ ಕೇಳಿ," ಎಂದೆ, ಬೇಕಾದದ್ದಕ್ಕಿಂತ ಜೋರಾಗಿ.

ಒಳಗೆ ದೊಡ್ಡದೊಂದು ಚಿತ್ರದ ಮುಂದೆ ಅವರು ಎಂದಿನಂತೆ ಕೇಳಿದರು: "ಇದರಲ್ಲಿ ಏನಿದೆ?"

ಹೇಳಿದೆ. ಕೆಂಪು ಪರದೆ, ಗಲ್ಲ ಉಬ್ಬಿಸಿದ ಸ್ಯಾಕ್ಸೋಫೋನಿನವನು, ಮುತ್ತಿನ ಸರದ ಹಾಡುಗಾತಿ, ಮೂಲೆಯಲ್ಲಿ ಬ್ಯಾಂಜೋ ಹಿಡಿದು ಕೂತವನು. ಅವನ ಒಂದು ಕಾಲು ಮರದ್ದು. ಹಿಂದಿನ ವಾರವಾಗಿದ್ದರೆ ಇದನ್ನು ನನಗೆ ತೋರಿಸಲೆಂದೇ ಕರೆತಂದಿದ್ದಾರೆ ಎಂದು ಸಿಡುಕುತ್ತಿದ್ದೆ.

"ಯಾವ ಕಾಲಲ್ಲಿ ತಾಳ ಹಾಕ್ತಿದ್ದಾನೆ?"

ಹತ್ತಿರ ಹೋಗಿ ನೋಡಿದೆ. ಒಳ್ಳೆಯ ಕಾಲು ನೆಲದ ಮೇಲೆ ಊರಿತ್ತು.

"ಮರದ್ದರಲ್ಲಿ."

ಟೀಚರಮ್ಮ ಜೋರಾಗಿ ನಕ್ಕರು. ಕಾವಲಿನವನು ತಿರುಗಿ ನೋಡಿದ. ನನ್ನ ಕಾರ್ಡು ಚೀಲದಲ್ಲೇ ಇತ್ತೆಂದು ಇವತ್ತಿಗೂ ಅವರಿಗೆ ಹೇಳಿಲ್ಲ. ಅಂದು ಮಾತ್ರ, ಅವರು "ಹಿಡ್ಕೊಳ್ಳಲಾ?" ಎಂದು ಕೇಳುವ ಮೊದಲೇ, ಕುರ್ಚಿಯನ್ನು ಹಿಂದಕ್ಕೆ ಸರಿಸಿ ಹಿಡಿಕೆ ಅವರ ಕೈಗೆ ತಗಲುವ ಹಾಗೆ ನಿಲ್ಲಿಸಿದೆ.