ನಮ್ಮೂರಿನ ಪುಟಕ್ಕೆ ಸೇರಿದ ಒಂದು ಸಾಲು

ದೇವನಹಳ್ಳಿ ಪಕ್ಕದ ನಮ್ಮೂರಲ್ಲಿ ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ ನೆಡುವುದು ನನ್ನ ಕೆಲಸ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೆ, ಆದರೆ ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ನಾನೂ ಅಣ್ಣನೂ ಜಂಟಿಯಾಗಿ ಮಾಡಿದ ತೋಟದ ಕಂಬಗಳನ್ನೆಲ್ಲ ನಾನೇ ನೆಟ್ಟಿದ್ದು.

ವಿಮಾನ ನಿಲ್ದಾಣ ಬಂದ ಮೇಲೆ ಬ್ರೋಕರ್‌ಗಳು ಬರುತ್ತಲೇ ಇದ್ದರು. ಒಬ್ಬನಿಗೆ ತೋಟ ಕೊಡೋದಿಲ್ಲ ಅಂದೆವು. ಮುಂದಿನ ವಾರ ಅವನೇ ಮತ್ತೆ ಬಂದು ಮೊಬೈಲ್ ಹಿಡಿದು ತೋರಿಸಿದ. ಅದರಲ್ಲಿ ನಮ್ಮೂರಿನ ವಿಕಿಪೀಡಿಯ ಪುಟ. ಕೆರೆ, ಗುಡಿ, ಜನಸಂಖ್ಯೆ ಎಲ್ಲ ಸರಿಯಾಗಿತ್ತು. ಕೊನೆಗೆ ಒಂದು ಸಾಲು: ನಿಲ್ದಾಣದ ವಿಸ್ತರಣೆಗೆ ಈ ಗ್ರಾಮವನ್ನು ಪೂರ್ತಿ ವಶಪಡಿಸಿಕೊಳ್ಳಲಾಗುವುದು. ಪಹಣಿಯ ಹಾಗೆ ಇದೂ ಸರ್ಕಾರದ್ದೇ ಅಂದುಕೊಂಡೆ. ಅವರು ಕಿತ್ಕೊಳ್ಳೋ ಮುಂಚೆ ಮಾರಿಬಿಡೋಣ, ಸೋಮವಾರ ಅಗ್ರಿಮೆಂಟ್‌ಗೆ ಸೈನ್ ಹಾಕೋಣ ಅಂದ ಅಣ್ಣ.

ಭಾನುವಾರ ಅಕ್ಕನ ಮಗಳು ಬಂದಿದ್ದಳು, ಡಿಗ್ರಿ ಓದುವವಳು. ಅವಳ ಫೋನಲ್ಲಿ ಆ ಪುಟ ಹುಡುಕಿಸಿದೆ.

“ಮಾವ, ಇದನ್ನ ಯಾರು ಬೇಕಾದ್ರೂ ಬರೀಬೋದು.”

“ಯಾರು ಬೇಕಾದ್ರೂ ಅಂದ್ರೆ?”

“ನೀನೂ ಬರೀಬೋದು.”

“ಏಳನೇ ಕ್ಲಾಸು ಕಣಮ್ಮ ನಾನು.”

“ಈ ಸಾಲು ಬರ್ದೋನು ಅಷ್ಟೂ ಓದಿಲ್ಲ ಬಿಡು.”

ಮೇಲೆ ‘ಇತಿಹಾಸ’ ಅಂತಿದ್ದುದನ್ನು ಒತ್ತಿದಳು. ಪುಟ ಯಾವಾಗೆಲ್ಲ ಬದಲಾಯಿತೋ ತಾರೀಖಿನ ಸಮೇತ ಇತ್ತು, ಜಮೀನು ಯಾರಿಂದ ಯಾರಿಗೆ ಹೋಯಿತು ಅಂತ ಮ್ಯುಟೇಷನ್‌ನಲ್ಲಿ ಇರುವ ಹಾಗೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟಳು. ಎಡಗಡೆ ಆ ಸಾಲಿರಲಿಲ್ಲ. ಬಲಗಡೆ ಬಣ್ಣ ಬಳಿದುಕೊಂಡು ನಿಂತಿತ್ತು. ಸೇರಿಸಿದ್ದು ನಾವು ಬ್ರೋಕರ್‌ನನ್ನು ವಾಪಸ್ ಕಳಿಸಿದ ಮಾರನೇ ದಿನ. ಬರೆದವನ ಹೆಸರಿಲ್ಲ, ಬರೀ ಅಂಕಿಗಳು; ಖಾತೆಯಿಲ್ಲದೆ ಬರೆದರೆ ಹಾಗೇ ಬರುತ್ತಂತೆ.

ಭಯ ಇಳಿಯಬೇಕಿತ್ತು, ಏರಿತು. ನಮ್ಮ ಜಗಲಿಯಲ್ಲಿ ಆಡಿದ ಮಾತಿಗೆ ಯಾರೋ ಎಲ್ಲೋ ಕೂತು ಒಂದು ಸಾಲಲ್ಲಿ ಊರನ್ನೇ ಅಳಿಸಿಬಿಟ್ಟಿದ್ದ.

ಅಣ್ಣನಿಗೆ ತೋರಿಸಿದೆ. ಎರಡನ್ನೂ ನೋಡಿದ. “ಯಾವತ್ತು ಬರ್ದ್ರು ಅಂತ ಗೊತ್ತಾಯ್ತಪ್ಪ. ಸುಳ್ಳು ಅಂತ ಎಲ್ಲಿದೆ?”

“ನನ್ ಸೈನ್ ಇಲ್ದೆ ತೋಟ ಹೋಗಲ್ಲ. ನಾನು ಹಾಕಲ್ಲ,” ಅಂದೆ. ಅಣ್ಣ ಎದ್ದು ಹೋದ. ಸೋಮವಾರ ನಾವು ಯಾರೂ ಹೋಗಲಿಲ್ಲ.

ಆಮೇಲೆ ಆ ಸಾಲನ್ನು ಯಾರೋ ತೆಗೆದರು, ಮತ್ತೆ ಬಂತು, ಮತ್ತೆ ಹೋಯಿತು. ಹಳೆಯದು ಹೊಸದು ಇಟ್ಟು ನೋಡುವುದನ್ನು ನಾನೇ ಕಲಿತುಕೊಂಡೆ. ತೋಟ ಇವತ್ತಿಗೂ ನಮ್ಮದೇ. ಆದರೂ ಆ ಪುಟ ತೆರೆದುಕೊಳ್ಳುವಷ್ಟು ಹೊತ್ತು ಉಸಿರು ಬಿಗಿಹಿಡಿದೇ ಇರುತ್ತೇನೆ.