ಅಕ್ಕನ ಪಟ್ಟಿ, ನನ್ನ ತೋಳು

ನಾನು ಓದಿದ್ದು ನಾಲ್ಕನೇ ತರಗತಿ. ಅದನ್ನು ನೆಪ ಮಾಡಬಹುದು, ಆದರೆ ಈ ತಪ್ಪು ತಿಳಿಯಲು ಅಷ್ಟೂ ಬೇಕಿರಲಿಲ್ಲ.

ಮಸ್ಕಿ ಬಸ್ ನಿಲ್ದಾಣದ ಹತ್ತಿರ ಅಕ್ಕನ ಮಿರ್ಚಿ ಭಜಿ ಬಂಡಿ. ಮೆಣಸಿನಕಾಯಿ ಸೀಳಿ, ಉಳ್ಳಾಗಡ್ಡಿ ಹೆಚ್ಚಿ ಕೊಡುವುದು ನನ್ನ ಕೆಲಸ. ಅಕ್ಕ ಬಿ.ಪಿ. ಗುಳಿಗೆ ನುಂಗತೊಡಗಿ ವರ್ಷಗಳಾಗಿದ್ದವು. ಲಿಂಗಸುಗೂರಿನ ದವಾಖಾನೆಗೆ ಹೋಗುವ ದಿನ ಬಂಡಿ ಬಂದ್. ಹಿಂದಿನ ದಿನವೇ ಉಪ್ಪಿನಕಾಯಿ ಬಿಡುವಳು, ಚಹಾ ಬಿಡುವಳು, ಹೊತ್ತು ಮುಳುಗುತ್ತಲೇ ಮಲಗುವಳು. ಹಾಗೆ ಸಿಂಗಾರಗೊಂಡು ಫ್ಯಾನಿನ ಕೆಳಗೆ ತೋಳು ಚಾಚಿದರೆ ಬಿ.ಪಿ. ಸರಿಯಾಗಿರದೆ ಇನ್ನೇನು? ಮರುದಿನ ಮತ್ತೆ ಅದೇ ಒಲೆ, ಅದೇ ಉಪ್ಪು, ಅದೇ ಕೂಗಾಟ.

ಒಂದು ಸಲ ಡಾಕ್ಟರ್ ಹೃದಯದ ಸ್ಕ್ಯಾನ್ ಮಾಡಿಸಿದರು. "ಇಲ್ಲಿ ಬಿ.ಪಿ. ಸರಿ ಐತ್ರಿ. ಆದ್ರ ಹೃದಯದ ಗೋಡಿ ದಪ್ಪ ಆಗೈತಿ. ನಮಗ ಕಾಣದಂಗ ಎಲ್ಲೋ ಏರಾಕತ್ತೈತಿ. ಈ ಬಿ.ಪಿ. ಮಷೀನಿನ ಪಟ್ಟಿ ಒಂದಿನ ತೋಳಿಗೆ ಕಟ್ಟಿಕೊಂಡು, ದಿನಾ ಮಾಡೋ ಕೆಲಸಾನ ಮಾಡ್ರಿ," ಎಂದರು.

ಆಗಾಗ ಪಟ್ಟಿ ತಾನೇ ಉಬ್ಬಿ ತೋಳು ಹಿಂಡಿ ಬಿ.ಪಿ. ಬರೆದುಕೊಳ್ಳುತ್ತದೆ. ಆಗ ಕೈ ಅಲ್ಲಾಡಬಾರದು. ಮರುದಿನ ಸಂತೆ. ಬಂಡಿಯ ಮುಂದೆ ಜನವೋ ಜನ. ಪಟ್ಟಿ ಹಿಂಡಿತು, ಭಜಿ ತಿರುವುವ ಝಾರಿ ಅಕ್ಕನ ಕೈಯಲ್ಲೇ ನಿಂತಿತು, ಒಂದು ಬಾಣಲೆ ಭಜಿ ಕರಕಾಯಿತು.

"ಏನಕ್ಕಾ, ಸಂತಿ ದಿನಾನ ತೋಳಬಂದಿ ಹಾಕೀಯಲ್ಲ, ಮದುವಿ ಐತೇನು?" ಎಂದ ಒಬ್ಬ ಗಿರಾಕಿ.

ಅಕ್ಕ ಪಟ್ಟಿ ಬಿಚ್ಚಿ ನನ್ನತ್ತ ಚಾಚಿದಳು. "ಬರೇ ಬಿಟ್ರ ಕೂಗತೈತಿ ಇದು. ನೀ ಕಟ್ಕೋ ಬೇ."

"ಡಾಕ್ಟರ್ ನಿನಗ ಕೊಟ್ಟಾರಲ್ಲ?"

"ಒಬ್ಬಾಕಿ ಹೊಟ್ಟ್ಯಾಗ ಹುಟ್ಟೇವಿ, ರಕ್ತ ಒಂದ. ಯಾರ ತೋಳಿಗಿದ್ರೇನು?"

ಸರಿಯಲ್ಲವೆಂದು ನನಗೆ ಗೊತ್ತಿತ್ತು. ಆದರೆ ಅವಳೊಡನೆ ವಾದಿಸಿ ಗೆದ್ದವರಿಲ್ಲ. ಕಟ್ಟಿಕೊಂಡು ಉಳ್ಳಾಗಡ್ಡಿ ಹೆಚ್ಚುತ್ತ ಕೂತೆ.

ನನ್ನ ಬಿ.ಪಿ. ಚೊಕ್ಕವಾಗಿತ್ತು. ಅದನ್ನು ಅಕ್ಕನದೆಂದು ನಂಬಿ ಡಾಕ್ಟರ್ ಹಳೆಯ ಗುಳಿಗೆಯನ್ನೇ ಮುಂದುವರಿಸಿದರು. ನಾನು ಎದುರಿಗೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಕ್ಕನಿಗೆ ಹಿಟ್ಟಿನ ಡಬ್ಬಿ ಎತ್ತಿದರೂ ಏದುಸಿರು, ಸಂಜೆಗೆ ಪಾದ ಊತ. ಮತ್ತೆ ಸ್ಕ್ಯಾನ್ ಮಾಡಿದರೆ, ರಕ್ತ ತಳ್ಳುವ ಹೃದಯದ ಬಲವೇ ಕುಗ್ಗಿತ್ತು. "ಮಷೀನ್ ಸರಿ ಅಂದಿತ್ತು, ಮತ್ತ ಇದು ಹೆಂಗ?" ಎಂದು ಡಾಕ್ಟರ್ ಹಳೆಯ ಕಾಗದ ತಿರುವತೊಡಗಿದಾಗ, ಆವತ್ತು ಪಟ್ಟಿ ಇದ್ದದ್ದು ನನ್ನ ತೋಳಿಗೆಂದು ಹೇಳಿಬಿಟ್ಟೆ.

ಅವರು ಕಾಗದ ಕೆಳಗಿಟ್ಟರು. "ಮಷೀನಿಗೆ ನಿಮ್ಮ ಮನೆತನ ಬೇಕಾಗಿದ್ದಿಲ್ಲಮ್ಮ, ಆಕಿ ತೋಳು ಬೇಕಾಗಿತ್ತು."

ಮತ್ತೆ ಮಷೀನ್, ಮತ್ತೆ ಸಂತೆ. ಈ ಸಲ ಅಕ್ಕನ ತೋಳಿಗೇ. ಒಲೆಯ ಮುಂದಿದ್ದಷ್ಟು ಹೊತ್ತೂ ಬಿ.ಪಿ. ಏರಿಯೇ ಇತ್ತೆಂದು ಆಮೇಲೆ ತಿಳಿಯಿತು. ಡಾಕ್ಟರ್ ಗುಳಿಗೆ ಬದಲಿಸಿದರು. ಹೋದ ಬಲ ಎಷ್ಟು ತಿರುಗಿ ಬರುವುದೋ ಹೇಳಲಾರೆ ಎಂದರು.

ಆ ಎರಡನೇ ಸಂತೆಯ ದಿನ ಪಟ್ಟಿ ಹಿಂಡಿದಾಗಲೆಲ್ಲ ಅಕ್ಕ ಕೈ ಇಳಿಬಿಟ್ಟು ನಿಂತಳು. ನಾನು ಝಾರಿ ಹಿಡಿದು ಭಜಿ ತಿರುವಿದೆ. ಪಟ್ಟಿ ಸಡಿಲವಾಗುತ್ತಲೇ ಝಾರಿ ಕಸಿದುಕೊಂಡಳು.

"ಇಷ್ಟ ಕೆಲಸ ಆವತ್ತ ಯಾಕ ಮಾಡ್ಲಿಲ್ಲ ಬೇ?" ಎಂದಳು.

ನಾನು ಉಳ್ಳಾಗಡ್ಡಿ ಬುಟ್ಟಿ ಎಳೆದುಕೊಂಡೆ.